ಪರದೇಶದ ಹಾಲಿಗೆ ನಾಲತವಾಡದ ಹೆಪ್ಪು

ಕೋಳಿ ಕೂಗಿ ಅರ್ಧ ತಾಸಾಗಿಲ್ಲ. ಪುಷ್ಯಮಾಸದ ಚಳಿಗೆ ನಾಲತವಾಡದ ನಾಯಿಗಳೂ ಬೊಗಳುವುದನ್ನು ಮುಂದಕ್ಕೆ ಹಾಕಿವೆ. ಶಾಲೆಯ ಹಿಂದಿನ ತಗಡಿನ ಚಪ್ಪರದಲ್ಲಿ ಮಾತ್ರ ಕಡಗೋಲಿನ ಸದ್ದು ಕೇಳಿಸುತ್ತಿದೆ. ಖಾತುನಬಿ ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕಾಲನ್ನು ಕಂಬಕ್ಕೆ ಒತ್ತಿ ಹಗ್ಗ ಎಳೆಯುತ್ತಾರೆ. ಗಡಿಗೆಯಲ್ಲಿ ನೊರೆ ಏಳುತ್ತದೆ, ಬೆಣ್ಣೆ ಏಳುವುದಿಲ್ಲ. "ಇದರಾಗಿನ ಬೆಣ್ಣಿ ಅಮೇರಿಕಾದವರ ತಗದಿಟ್ಕೊಂಡಾರ್ರಿ. ನಮಗ ಬಂದದ್ದು ಬರೇ ಬಿಳಪು" ಎನ್ನುತ್ತಾರೆ. ದೂರಿನ ದನಿ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ.

ಏಳು ವರ್ಷದಿಂದ ಅವರು ಈ ಸಾಲಿಯ ಮಕ್ಕಳಿಗೆ ಹಾಲು ಮಾಡಿ ಕೊಡುತ್ತಿದ್ದಾರೆ. ತೊಂಬತ್ತಾರು ಮಕ್ಕಳು, ಆರು ಕೊಡ ನೀರು, ಎರಡು ಒಲೆ. ನೌಕರಿ ಹಂಗಾಮಿ, ಹಂಗಾಮು ಏಳು ವರ್ಷವಾದರೂ ಮುಗಿದಿಲ್ಲ. ಗಂಡ ಹಾಜಿಮಲಂಗ, ಸಂತೆಗೆ ಬಾಡಿಗೆ ಬಂಡಿ ಹೊಡೆಯುತ್ತಿದ್ದವನು, ಕಾಲರಾದಲ್ಲಿ ತೀರಿಕೊಂಡ. ಒಬ್ಬಳೇ ಮಗಳು ನಜಮಾಳನ್ನು ಚಡಚಣಕ್ಕೆ ಕೊಟ್ಟಾಗಿದೆ.

ಹಾಲಿನ ಪುಡಿ ದಪ್ಪ ಕಾಗದದ ಪೀಪಾಯಿಗಳಲ್ಲಿ ಬರುತ್ತದೆ. ಮೇಲೆ ಎರಡು ಕೈ ಕುಲುಕುವ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕಾರು ಸಾಲು, ಕನ್ನಡದಲ್ಲಿ ಒಂದೂ ಇಲ್ಲ. ಮೊದಲ ದಿನ ಖಾತುನಬಿ ಆ ಪುಡಿಯನ್ನು ಜೋಳದ ಹಿಟ್ಟಿನಂತೆ ಕುದಿಯುವ ಎಸರಿಗೆ ಸುರಿದರು. ಹಾಲಿನ ಬದಲು ಗಂಟುಗಳಾದವು. ಎರಡನೆಯ ದಿನ ಹಾಲಾಯಿತು, ಮೂರನೆಯ ದಿನ ಅರ್ಧ ಸಾಲಿ ಹೊಟ್ಟೆ ಹಿಡಿದುಕೊಂಡು ಹಳ್ಳದ ಕಡೆ ಓಡಿತು. ತಾಯಂದಿರು ಬಂದು ಜಗಳ ತೆಗೆದರು. ಆಗ ಅವರಿಗೆ ಹೊಳೆದದ್ದು ಹೆಪ್ಪು.

"ಹಾಲು ದಕ್ಕಲಿಲ್ಲಂದ್ರ ನಾವು ಮನ್ಯಾಗ ಏನ ಮಾಡ್ತೇವ್ರಿ? ಮಜ್ಜಗಿ ಕುಡಸ್ತೇವಿ. ಪರದೇಶದ ಹಾಲಾದ್ರೇನು, ಹೆಪ್ಪಿಗೆ ಅದು ಗೊತ್ತಾಗ್ತೈತೇನು?"

ಹೆಪ್ಪು ಬರುವುದು ಮಗ್ಗುಲ ಓಣಿಯ ಬಾಳಮ್ಮನ ಮನೆಯಿಂದ. ದೀಪ ಹಚ್ಚಿದ ಮೇಲೆ ಈ ಕಡೆ ಯಾರೂ ಹೆಪ್ಪು ಕೊಡುವುದಿಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆಂದು. ಆದ್ದರಿಂದ ಖಾತುನಬಿ ಹೊತ್ತಿರುವಾಗಲೇ ಬಟ್ಟಲು ಹಿಡಿದು ಹೋಗುತ್ತಾರೆ. ಒಮ್ಮೆ ತಡವಾಗಿ ಹೋದಾಗ ಬಾಳಮ್ಮ ಕಂದೀಲು ಹಚ್ಚದೆ ಕತ್ತಲಲ್ಲೇ ಕೂತಿದ್ದರು. "ಲಗೂನ ಬಾರಬೇ ಖಾತುನವ್ವಾ, ನಿನ್ನ ಸಲುವಾಗಿ ನಮ್ಮನಿಯವ್ರು ಕತ್ತಲದಾಗ ರೊಟ್ಟಿ ಹುಡಕಾಕತ್ತಾರ" ಎಂದರಂತೆ.

ಹೋದ ಸೆಪ್ಟೆಂಬರಿನಲ್ಲಿ ದೇಶದ ಪಶ್ಚಿಮ ಗಡಿಯಲ್ಲಿ ಯುದ್ಧ ಶುರುವಾಯಿತು. ಚಹಾದಂಗಡಿಯ ರೇಡಿಯೋದ ಮುಂದೆ ಕೂತಿದ್ದ ಧರೆಪ್ಪ ಕೂಗಿ ಕೇಳಿದ: "ಖಾತುನಬಿ, ನಿಮ್ಮ ಬೀಗರ ಸುದ್ದಿ ಬರಾಕತ್ತೈತಿ, ಕೇಳಿದೇನು?"

"ನಮ್ಮ ಬೀಗರು ಚಡಚಣದಾಗ ಅದಾರ, ಧರೆಪ್ಪಣ್ಣ. ಅವರ ಸುದ್ದಿ ರೇಡಿಯೋದಾಗ ಬಂದ್ರ ನನಗೂ ಕರದು ಹೇಳು."

ಅಂಗಡಿ ನಕ್ಕಿತು. ಖಾತುನಬಿ ನಗಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಪೀಪಾಯಿ. ಉಗ್ರಾಣದಲ್ಲಿ ಐದೇ ಉಳಿದಿದ್ದವು. ಒಂದು ಪೀಪಾಯಿ ಒಂಬತ್ತು ದಿನಕ್ಕೆ ಸಾಕು. ಹೊಸದು ಯಾವಾಗ ಬರುವುದೆಂದು ಕೇಳಿದರೆ ತಾಲೂಕಿನವರು ಜಿಲ್ಲೆಯ ಕಡೆ, ಜಿಲ್ಲೆಯವರು ಬಂದರಿನ ಕಡೆ ಬೆರಳು ತೋರಿಸಿದರು. ರೈಲಿನ ಡಬ್ಬಿಗಳೆಲ್ಲ ಮದ್ದುಗುಂಡಿಗೆ ಹೋಗಿವೆಯೆಂದು ಒಬ್ಬರು, ಅಮೆರಿಕವೇ ಕೈ ಬಿಗಿ ಹಿಡಿದಿದೆಯೆಂದು ಇನ್ನೊಬ್ಬರು.

ಮುಖ್ಯೋಪಾಧ್ಯಾಯ ಚನ್ನಬಸಯ್ಯನವರು ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ. ಒಲೆಯ ತನಕ ಕೇಳಿಸುತ್ತದೆ. ಶತ್ರುವಿನ ಟ್ಯಾಂಕುಗಳು ಅಮೆರಿಕದವೆಂದು ಓದಿದ ದಿನ ಖಾತುನಬಿ ಸೌಟು ಹಿಡಿದೇ ಹೊರಗೆ ಬಂದರು.

"ಮಾಸ್ತರ್ರ, ಅವರಿಗೆ ತೋಪಿನ ಗಾಡಿ ಕೊಟ್ಟವರೂ ಇವರ, ನಮಗ ಹಾಲ ಕೊಟ್ಟವರೂ ಇವರ?"

"ಹೌದು ನೋಡ್ರಿ."

"ಯಾವುದಕ್ಕ ಹೆಚ್ಚ ಖರ್ಚ ಮಾಡಿದ್ರಂತ?"

ಚನ್ನಬಸಯ್ಯನವರು ಕನ್ನಡಕ ತೆಗೆದು ಒರೆಸಿದರು. ನಮ್ಮ ಸರಕಾರವೂ ರಕ್ಷಣೆಗೆ ಇನ್ನಷ್ಟು ತೆಗೆದಿಡಬೇಕೆಂದು ಅದೇ ಪುಟದಲ್ಲಿ ಬರೆದಿತ್ತು. "ದೇಶ ಉಳಿಬೇಕಲ್ಲವಾ" ಎಂದರು.

"ಉಳೀಲ್ರಿ, ನಾ ಯಾಕ ಬ್ಯಾಡ ಅನ್ಲಿ? ಆದ್ರ ಲಡಾಯಿಗೆ ಹೋದವರು ದೊಡ್ಡವರು, ಉಪಾಸ ಬೀಳೂದು ಒಂದನೇ ಇಯತ್ತೇದ ಹುಡುಗರು. ಅದಷ್ಟ ನನಗ ತಿಳೀವಲ್ದು."

ಅವರ ಭಯಕ್ಕೆ ಕಾರಣವಿದೆ. ಮೂರು ವರ್ಷದ ಹಿಂದೆ ಪುಡಿ ಹದಿನೈದು ದಿನ ತಪ್ಪಿದಾಗ ಒಂದನೇ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳು ತಾಯಂದಿರ ಹಿಂದೆ ಹತ್ತಿ ಬಿಡಿಸಲು ಹೋದರು. ಪುಡಿ ಬಂತು, ಏಳು ಮಕ್ಕಳು ಬರಲಿಲ್ಲ. ಆ ಏಳೂ ಹೆಸರು ಖಾತುನಬಿಗೆ ಬಾಯಿಪಾಠ.

ಈ ಸಲ ಅವರು ಪುಡಿಯನ್ನು ಅರ್ಧಕ್ಕಿಳಿಸಿದರು. ಉಳಿದರ್ಧಕ್ಕೆ ಜೋಳದ ಅಂಬಲಿ ಕಾಸಿ, ಆರಿಸಿ, ಮಜ್ಜಿಗೆಯಲ್ಲಿ ಕಲಸಿ ಉಪ್ಪು ಹಾಕಿದರು. ಹಿಟ್ಟು ಸರಕಾರದ್ದಲ್ಲ. ಸೋಮವಾರಕ್ಕೊಮ್ಮೆ ಮಗುವಿಗೊಂದು ಹಿಡಿ ಮನೆಯಿಂದ ಬರಬೇಕೆಂದು ಓಣಿ ಓಣಿ ತಿರುಗಿ ಹೇಳಿದರು. ಅದೇ ಸೋಮವಾರ ಧಾನ್ಯ ಉಳಿಸಲು ಒಂದು ಹೊತ್ತು ಊಟ ಬಿಡಿರೆಂದು ದಿಲ್ಲಿಯಿಂದ ಕರೆ ಬಂದಿತ್ತು. "ಒಂದ ಹೊತ್ತು ಬಿಡಾಕ ಮೊದಲ ಎರಡ ಹೊತ್ತು ಇರಬೇಕಲ್ರಿ" ಎಂದರು ಖಾತುನಬಿ, ಆದರೂ ಸೋಮವಾರದ ರಾತ್ರಿ ತಾವು ಉಣ್ಣುವುದಿಲ್ಲ.

ನವೆಂಬರ್ ಕೊನೆಗೆ ತಪಾಸಣೆಯ ಸಾಹೇಬರು ಜೀಪಿನಲ್ಲಿ ಬಂದರು. ಬಟ್ಟಲಲ್ಲಿ ಇಣುಕಿ, "ಇದು ಹಾಲಿನ ಯೋಜನೆ. ಹಾಲೆಲ್ಲಿ?" ಎಂದರು.

"ಅದರಾಗ ಐತ್ರಿ, ಮಜ್ಜಗಿ ಆಗೇತಿ."

"ಯಾರ ಅಪ್ಪಣೆ?"

"ಹುಡುಗರ ಹೊಟ್ಟೀದ್ರಿ."

ನಾಳೆಯಿಂದ ಹಾಲನ್ನೇ, ಪೂರ್ತಿ ಪ್ರಮಾಣದಲ್ಲಿ ಕೊಡಬೇಕು, ಇಲ್ಲವಾದರೆ ಬೇರೆ ಆಳು ನೋಡುತ್ತೇವೆ ಎಂದರು ಸಾಹೇಬರು. ಖಾತುನಬಿ ಕೈ ಒರೆಸಿಕೊಂಡು ಎದ್ದುನಿಂತರು.

"ಆತ್ರಿ ಸಾಹೇಬ್ರ. ಎರಡ ಪೀಪಾಯಿ ಉಳದಾವು, ಪೂರ್ತಿ ಹಾಕಿದ್ರ ಹದಿನೆಂಟ ದಿನಕ್ಕ ಮುಗೀತಾವು. ಹತ್ತೊಂಬತ್ತನೇ ದಿನ ನೀವ ಬಂದು ಈ ಹುಡುಗರ ಸಾಲಿನ ಮುಂದ ನಿಂತು, 'ಲಡಾಯಿ ಆಗೇತಿ, ಮನಿಗೆ ಹೋಗ್ರಿ' ಅಂತ ಹೇಳ್ರಿ. ಆ ಮಾತು ನನ್ನ ಬಾಯಿಗೆ ಬರೂದಿಲ್ಲ."

ಸಾಹೇಬರು ಮಕ್ಕಳ ಸಾಲನ್ನು ನೋಡಿದರು. ತುದಿಯಲ್ಲಿದ್ದ ಪುಟ್ಟಿಯೊಬ್ಬಳು ಬಟ್ಟಲು ನೆಕ್ಕಿ, ಇವರೂ ಮಜ್ಜಿಗೆಯ ಸಾಲಿಗೆ ನಿಂತವರೇ ಇರಬೇಕೆಂದು ಸರಿದು ಜಾಗ ಬಿಟ್ಟಳು. ಲಿಖಿತ ಆದೇಶ ಕಳಿಸುವುದಾಗಿ ಹೇಳಿ ಅವರು ಜೀಪು ಹತ್ತಿದರು. ಆ ಆದೇಶವೂ ಹಾಲಿನ ಪುಡಿ ಬರುವ ದಾರಿಯಲ್ಲೇ ಬರುತ್ತಿರಬೇಕು. ಇಂದಿನವರೆಗೆ ಎರಡೂ ಮುಟ್ಟಿಲ್ಲ.

ಈಗ ಐದನೆಯ ಪೀಪಾಯಿಯ ತಳ ಕಾಣುತ್ತಿದೆ. ಇನ್ನು ನಾಲ್ಕು ದಿನ. ಆಲಮಟ್ಟಿ ಸ್ಟೇಷನ್ನಿಗೆ ಮಾಲು ಬಂದಿದೆಯೆಂಬ ಸುದ್ದಿ ಮೂರು ಸಲ ಬಂತು, ಮಾಲು ಬರಲಿಲ್ಲ. ಆದರೆ ಮೊನ್ನೆ ಸೋಮವಾರ ಯಾರೂ ಹೇಳದೆಯೇ ಮಕ್ಕಳು ಎರಡೆರಡು ಹಿಡಿ ಹಿಟ್ಟು ತಂದರು. ಬಾಳಮ್ಮ ಓಣಿಯ ಆರು ಮನೆಗಳ ಮಜ್ಜಿಗೆ ಗೊತ್ತುಮಾಡಿ ಬಂದಿದ್ದಾರೆ. ಧರೆಪ್ಪ ಅರ್ಧ ಚೀಲ ಜೋಳ ತಂದಿಳಿಸಿ, "ನಿನಗಲ್ಲಬೇ, ಹುಡುಗರಿಗೆ" ಎಂದು ಮುಖ ತಿರುಗಿಸಿಕೊಂಡು ಹೋದ. ಒಂದನೇ ಇಯತ್ತೆಯಲ್ಲಿ ಇಂದು ಹಾಜರಿದ್ದವರು ಮೂವತ್ತನಾಲ್ಕು. ಒಬ್ಬರೂ ತಪ್ಪಿಲ್ಲ.

ಏನು ಬೇಕೆಂದು ಕೇಳಿದರೆ ಖಾತುನಬಿ ನೌಕರಿ ಕಾಯಂ ಆಗಲಿ ಎನ್ನುವುದಿಲ್ಲ. ಕಡಗೋಲನ್ನು ತೊಳೆದು ಬಿಸಿಲಿಗೆ ಒರಗಿಸುತ್ತಾರೆ.

"ಈ ಹುಡುಗರು ದೊಡ್ಡವರಾಗಿ ಎಲ್ಲೆರೆ ಹಸದ ಹುಡುಗರಿಗೆ ನಮ್ಮ ಜ್ವಾಳ ಕಳಸೂ ದಿನಾ ಬರ್ಬೇಕ್ರಿ. ಹಡಗದಾಗ ಹೋಗ್ಲಿ. ಆದ್ರ ಅದನ್ನ ಹ್ಯಾಂಗ ಉಣ್ಬೇಕಂತ ಅವರ ಮಾತಿನ್ಯಾಗ ಚೀಲದ ಮ್ಯಾಲ ಬರದು ಕಳಸ್ರಿ ಅಂತ ಇವರಿಗೆ ಹೇಳೇನಿ. ನಮಗ ಯಾರೂ ಬರದಿರಲಿಲ್ಲ."