ಆನೆ ಇತ್ತು, ಬಾಲ ಎತ್ತಿತ್ತು

ಕಳಸದ ಬಸ್ಸು ಭದ್ರೆಯ ಸೇತುವೆ ಹತ್ತಿತೆಂದರೆ ಎರಡೂ ಕಡೆಯ ಕಿಟಕಿಗಳಿಂದ ಕೈಗಳು ಹೊರಗೆ ಬರುತ್ತಿದ್ದ ಕಾಲ ಅದು. ನಾಲ್ಕಾಣೆಯೋ ಎಂಟಾಣೆಯೋ ಹೊಳೆಗೆ ಬೀಳುತ್ತಿತ್ತು. ಕಣ್ಣು ಮುಚ್ಚಿ ಕೈ ಮುಗಿಯುವಷ್ಟರಲ್ಲಿ ಸೇತುವೆಯೂ ಮುಗಿಯುತ್ತಿತ್ತು. ಬಣಕಲ್ಲಿನಿಂದ ಬೇಸಿಗೆ ರಜೆಗೆ ಅಜ್ಜಿಮನೆಗೆ ಹೊರಟ ನಾನೂ ಬೆವರಿದ ಮುಷ್ಟಿಯಲ್ಲಿ ಒಂದು ನಾಣ್ಯ ಹಿಡಿದು ಕೂತಿರುತ್ತಿದ್ದೆ. ಅದು ನೀರಿಗೆ ಬೀಳದೆ ಕಟ್ಟೆಗೆ ತಾಗಿ ಸಿಡಿದರೆ ಊರು ಬರುವ ತನಕ ನನ್ನ ಮುಖ ಊದಿಕೊಂಡಿರುತ್ತಿತ್ತು.

ಹಾಗೆ ಬಿದ್ದ ನಾಣ್ಯಗಳೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು ತಲೆ ಕೆಡಿಸಿಕೊಂಡವರು ನಮ್ಮ ನಾಗೇಶ ಮಾವ ಒಬ್ಬರೇ. ಅಮ್ಮನ ತಮ್ಮ. ಕುದುರೆಮುಖದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಗಣಿ ನಿಂತ ಮೇಲೆ ಒಂದು ಟೂಲ್ ಬಾಕ್ಸು, ಒಂದು ಮಡಚುವ ಕುರ್ಚಿ ಹಿಡಿದುಕೊಂಡು ಅಜ್ಜಿಮನೆಗೆ ಬಂದಿದ್ದರು. ನಾನು ಐದನೇ ಕ್ಲಾಸು ಮುಗಿಸಿದ್ದ ಆ ಬೇಸಿಗೆಯಲ್ಲಿ ಅವರು ಒಂದು ಮಿಷನ್ನು ಮಾಡಿದರು. ಹಳೇ ರೇಡಿಯೊ, ಒಡೆದ ಜರಡಿಯ ಬಳೆಗೆ ಸುತ್ತಿದ ತಾಮ್ರದ ತಂತಿ, ಹಿಡಿದುಕೊಳ್ಳಲು ಒಂದು ಬಿದಿರು. ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ, ತಿರುವಿನಲ್ಲಿ ದೊಡ್ಡ ಮರಳದಿಣ್ಣೆ ಏಳುತ್ತಿತ್ತು. ಅದರ ಮೇಲೆ ಈ ಬಳೆ ಆಡಿಸಿದರೆ, ಅಡಿಯಲ್ಲಿ ಲೋಹವಿದ್ದಲ್ಲಿ ರೇಡಿಯೊ ಕೂಗಬೇಕು.

ಕೂಗಿತು. ಎಲ್ಲಿ ಹಿಡಿದರೂ ಕೂಗಿತು! ನಮ್ಮ ಗುಡ್ಡಗಳ ಹೊಟ್ಟೆಯಲ್ಲೆಲ್ಲ ಕಬ್ಬಿಣ, ಅದು ತೊಳೆದು ಬಂದು ಹೊಳೆಯ ಮರಳೇ ಕಪ್ಪಾಗಿದೆ. ಊರಿಗೆ ನಗುವುದಕ್ಕೆ ಅಷ್ಟು ಸಾಕಾಯಿತು. ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿಟ್ಟಿದ್ದ ಶಿವಣ್ಣನಂತೂ, ಆ ಮಿಷನ್ನನ್ನು ಗದ್ದೆಯಲ್ಲಿ ಕಟ್ಟಿದರೆ ಹಂದಿಯಾದರೂ ಓಡುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ದಿನ ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಆ ಗದ್ದಲವನ್ನೇ ಕೇಳುತ್ತ ಕೂತರು. ಮೂರನೇ ದಿನ ಹೇಳಿದರು, "ಮರಳು ಗೊಣಗ್ತದೆ ಸುಮಿ, ನಾಣ್ಯ ಕರೀತದೆ." ನನಗೆ ಎರಡೂ ಒಂದೇ ಥರ ಕರ್ಕಶ. ಆದರೆ ಅವರು ಬೆರಳು ತೋರಿಸಿದಲ್ಲಿ ನಾನು ತೆಂಗಿನ ಗೆರಟೆಯಿಂದ ತೋಡಿದರೆ ನಾಣ್ಯ ಸಿಗುತ್ತಿತ್ತು. ನಮ್ಮ ಮಾವನಂಥ ಕಿವಿ ಪ್ರಪಂಚದಲ್ಲಿ ಇನ್ಯಾರಿಗೂ ಇಲ್ಲ ಎಂದು ಆಗ ನಂಬಿದ್ದೆ. ಈಗಲೂ ನಂಬಿದ್ದೇನೆ.

ಅಡ್ಡಿ ಬಂದದ್ದು ಅಜ್ಜಿಯದು. ಹೊಳೆಗೆ ಹಾಕಿದ್ದು ದೇವರದ್ದು, ಅದು ಹೊಸಿಲು ದಾಟಕೂಡದು ಎಂದರು. ಕೊನೆಗೊಂದು ಒಪ್ಪಂದವಾಯಿತು. ನಾಣ್ಯ ಜಗುಲಿಯಲ್ಲಿರಬೇಕು, ಮಾವ ನೋಡಿ ತಿಳಿದುಕೊಳ್ಳಬಹುದು, ಸೋಮವಾರ ಎಲ್ಲ ವಾಪಸ್ಸು ಹೊಳೆಗೆ. ಮಾವನಿಗೆ ಅಷ್ಟೇ ಬೇಕಾಗಿದ್ದು. ನಾಣ್ಯದ ಮೇಲೆ ಹಾಳೆಯಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಟೌನ್‌ಶಿಪ್ಪಿನ ಲೈಬ್ರರಿ ಪುಸ್ತಕದಿಂದ ಗಣಿಯಲ್ಲಿದ್ದಾಗ ಕೈಯಾರೆ ನಕಲು ಮಾಡಿಕೊಂಡಿದ್ದ ಚಿತ್ರಗಳೊಂದಿಗೆ ಹೋಲಿಸಿ, ಯಾರ ಕಾಲದ್ದು ಎಂದು ಪಕ್ಕದಲ್ಲಿ ಬರೆಯುತ್ತಿದ್ದರು. ಗೊತ್ತಾಗದಿದ್ದರೆ ಗೊತ್ತಿಲ್ಲ ಎಂದೇ ಬರೆಯುತ್ತಿದ್ದರು. ಜಗುಲಿಗೆ ಕಾಫಿ ಹೂವಿನ ಘಮ ಬರುತ್ತಿತ್ತು. ನಾನು ಹಲಸಿನ ಹಪ್ಪಳ ಕಡಿಯುತ್ತ ಪೆನ್ಸಿಲು ಚೂಪು ಮಾಡಿಕೊಡುತ್ತಿದ್ದೆ.

ಹಾಗಿರುವಾಗ ಅದು ಸಿಕ್ಕಿತು. ದಪ್ಪ, ಸರಿಯಾಗಿ ದುಂಡಗೂ ಇಲ್ಲ, ಮೈತುಂಬ ಹಸಿರು ಕಿಟ್ಟ. ಮಾವ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ತಾಮ್ರ, ನೂರಾರು ವರ್ಷದ್ದು, ಬಹುಶಃ ಆನೆಯ ಕಾಸು ಎಂದರು. ಸುಲ್ತಾನರ ಕಾಲದಲ್ಲೂ ಆನೆ ಹಾಕುತ್ತಿದ್ದರಂತೆ, ಆಮೇಲೆ ಮೈಸೂರು ಅರಸರೂ ಹಾಕಿದರಂತೆ. ಅಕ್ಷರ ನೋಡಿದರೇ ಯಾರದ್ದೆಂದು ಗೊತ್ತಾಗುವುದು. ಕಿಟ್ಟ ತಾನಾಗಿ ಸಡಿಲವಾಗಲಿ ಎಂದು ಕೊಬ್ಬರಿ ಎಣ್ಣೆಯ ಬಟ್ಟಲಲ್ಲಿ ಮುಳುಗಿಸಿಟ್ಟರು. ಎಂದೂ ಜಂಬ ಕೊಚ್ಚದ ಮನುಷ್ಯ ಅವತ್ತು ಶಿವಣ್ಣನ ಹೋಟೆಲಿಗೆ ಹೋಗಿ, ಭಾನುವಾರ ಅದು ಯಾರ ಕಾಸೆಂದು ಹೇಳುತ್ತೇನೆ ಎಂದು ಬಂದರು. ಹೇಳದಿದ್ದರೆ ಮಿಷನ್ನು ತನ್ನ ಒಲೆಗೆ ಎಂದರಂತೆ ಶಿವಣ್ಣ. ಗಣಿ ನಿಂತ ಮೇಲೆ ಮಾವ ಅಷ್ಟು ನೆಟ್ಟಗೆ ನಡೆದದ್ದನ್ನು ನಾನು ನೋಡಿದ್ದು ಅವತ್ತೇ.

ಅಜ್ಜಿಮನೆಯಲ್ಲಿ ಗುರುವಾರ ಸಂಜೆ ದೇವರ ಪಾತ್ರೆ ಬೆಳಗುವುದು ನನ್ನ ಕೆಲಸ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ದೀಪ ಆಯಿತು, ಗಂಟೆ ಆಯಿತು, ತಾಮ್ರದ ಚೊಂಬು ಹೊಸದರಂತಾಯಿತು. ಆಗ ಬಟ್ಟಲಲ್ಲಿದ್ದ ಕಾಸಿನ ನೆನಪಾಯಿತು. ಅದೂ ತಾಮ್ರವೇ, ದೇವರಿಗೇ ವಾಪಸ್ಸು ಹೋಗುವಂಥದ್ದು, ಮಾವನಿಗೂ ಬೇಗ ಅಕ್ಷರ ಕಾಣುತ್ತದೆ! ಕೂತು ತಿಕ್ಕಿದೆ. ಹಸಿರು ಬಿಟ್ಟಾಗ ಒಂದು ಆನೆ ಕಂಡಿತು, ಬಾಲ ಎತ್ತಿಕೊಂಡು ನಿಂತಿತ್ತು. ಖುಷಿಯಲ್ಲಿ ಇನ್ನಷ್ಟು ತಿಕ್ಕಿದೆ. ಫಳಫಳ ಹೊಳೆಯಿತು. ಆನೆ ಇರಲಿಲ್ಲ, ಹಿಂದೆ ಮುಂದೆ ಏನೂ ಇರಲಿಲ್ಲ.

ಮಾವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಕ್ಕದಲ್ಲಿ ಕೂರಿಸಿಕೊಂಡು, ಕೆಟ್ಟ ಮೋಟರಿನ ಬಗ್ಗೆ ಕೇಳುವವರಂತೆ ಒಂದೊಂದೇ ಕೇಳಿದರು. ಸೊಂಡಿಲು ಯಾವ ಕಡೆ, ಬಾಲ ಹೇಗೆ, ಹಿಂಭಾಗದಲ್ಲಿ ಅಕ್ಷರ ಕಂಡಿತಾ. ನನಗೆ ಅವರ ಮುಖ ನೋಡಲಾಗಲಿಲ್ಲ. ಕನ್ನಡದಲ್ಲಿ ಶ್ರೀ ಎಂದಿತ್ತು ಎಂದುಬಿಟ್ಟೆ. ಮಾವನ ಕಣ್ಣು ಅರಳಿತು. ಹಾಗಾದರೆ ಮೈಸೂರು ಅರಸರದ್ದೇ. ಪೆನ್ಸಿಲು ಹಾಳೆಯ ತನಕ ಹೋಯಿತು, ಅಲ್ಲೇ ನಿಂತಿತು.

"ನೀನು ನೋಡಿದ್ಯಾ ಸುಮಿ, ಅಥವಾ ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದ್ದೀಯಾ?"

ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಆನೆ ಬಿಟ್ಟು ಬೇರೇನೂ ನೋಡಿಲ್ಲ ಎಂದೆ. ಮಾವ ತಲೆ ಸವರಿದರು, ಕಾಣದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಅಳಬಾರದು ಎಂದರು.

ಭಾನುವಾರ ಹೋಟೆಲು ತುಂಬಿತ್ತು. ನನ್ನನ್ನೂ ಕರೆದುಕೊಂಡು ಹೋಗಿ, ಬನ್ಸ್ ಕೊಡಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಅದನ್ನು ಚೂರು ಚೂರು ಮಾಡುತ್ತ ಕೂತೆ. ಯಾರ ಕಾಸು ನಾಗೇಶಣ್ಣ ಎಂದರು ಶಿವಣ್ಣ. ಗೊತ್ತಾಗಲಿಲ್ಲ ಎಂದರು ಮಾವ, ಮನೆಯಲ್ಲಿ ತಿಕ್ಕುವಾಗ ಅಕ್ಷರ ಅಳಿಸಿಹೋಯಿತು. ಎಲ್ಲರೂ ಹೋ ಎಂದು ನಕ್ಕರು. ಯಾರು ತಿಕ್ಕಿದ್ದೆಂದು ಮಾವ ಹೇಳಲಿಲ್ಲ. ನಗು ನಿಂತ ಮೇಲೆ, "ಆದ್ರೆ ಆನೇನ ಕಣ್ಣಾರೆ ನೋಡಿದವ್ಳು ಇಲ್ಲಿದ್ದಾಳೆ. ಬೇಕಾದ್ರೆ ಕೇಳಿ" ಎಂದರು.

ಅಷ್ಟು ದೊಡ್ಡವರು ನನ್ನ ಕಡೆ ತಿರುಗಿದರು. "ಆನೆ ಇತ್ತು. ಬಾಲ ಎತ್ತಿತ್ತು. ನಾನು ತಿಕ್ಕಿ ತಿಕ್ಕಿ ಹೋಯ್ತು" ಎಂದೆ. ಯಾರೂ ನಗಲಿಲ್ಲ. ಶಿವಣ್ಣ ಒಳಗೆ ಹೋಗಿ ಇನ್ನೊಂದು ಬನ್ಸ್ ತಂದು ನನ್ನ ತಟ್ಟೆಗಿಟ್ಟರು. ಮಿಷನ್ನಿನ ಮಾತು ಆ ಹೋಟೆಲಿನಲ್ಲಿ ಮತ್ತೆ ಬರಲಿಲ್ಲ. ಮರುದಿನ ಅಜ್ಜಿಯ ಮಾತಿನಂತೆ ಕಾಸು ಹೊಳೆಗೆ ಹೋಯಿತು.

ಈಗ ಆ ಸೇತುವೆಯ ಮೇಲೆ ಕಿಟಕಿಯಿಂದ ಕೈ ಹೊರಬರುವುದು ಅಪರೂಪ. ದುಡ್ಡೆಲ್ಲ ಫೋನಿನಲ್ಲಿ, ಚಿಲ್ಲರೆ ಎಲ್ಲಿಂದ ಬರಬೇಕು. ನನ್ನ ಮಗಳು ಯಾವ ವಸ್ತುವಿನ ಫೋಟೊ ತೆಗೆದು ಕೇಳಿದರೂ ಫೋನು ಕ್ಷಣದಲ್ಲಿ ಅದೇನೆಂದು ಹೇಳಿಬಿಡುತ್ತದೆ. ಒಳ್ಳೆಯದೇ. ಆದರೆ ಅದು ಗೊತ್ತಿಲ್ಲ ಎಂದದ್ದನ್ನು ನಾನಂತೂ ಕೇಳಿಲ್ಲ. ನೀನು ನೋಡಿದ್ಯಾ ಎಂದು ತಿರುಗಿ ಕೇಳಿದ್ದೂ ಇಲ್ಲ. ಹಾಗೆ ಕೇಳುತ್ತಿದ್ದ ಮನುಷ್ಯ ಹೋಗಿ ಮೂರು ವರ್ಷವಾಯಿತು.

ಅವರ ನೋಟ್‌ಬುಕ್ಕು ನನಗೆ ಬಂದಿದೆ. ಒಂದು ಪುಟದಲ್ಲಿ ಪೆನ್ಸಿಲಿನ ಅಚ್ಚು ಬರೀ ಕಪ್ಪು ವೃತ್ತ, ಒಳಗೆ ಏನೂ ಇಲ್ಲ. ಕೆಳಗೆ ಮಾವನ ದುಂಡು ಅಕ್ಷರ: "ಆನೆ ಇತ್ತು. ಬಾಲ ಎತ್ತಿತ್ತು. ಯಾರದ್ದು, ಗೊತ್ತಿಲ್ಲ. ನೋಡಿದವಳು ಸುಮಿ."

ತಿಕ್ಕಿದವಳು ಸುಮಿ ಎಂದು ಬರೆದಿದ್ದರೂ ಸುಳ್ಳಾಗುತ್ತಿರಲಿಲ್ಲ. ಮಾವ ಅದನ್ನು ಬರೆಯಲಿಲ್ಲ.