ಡಬ್ಬಿಯಲ್ಲಿಟ್ಟ ಕಲ್ಲು

ಕಳೆದ ವಾರ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಲು ಹೋಗಿದ್ದೆ. ಚಪ್ಪಲಿ ಹೊಲಿಯುವಾತ ರಬ್ಬರ್ ಹಾಳೆಯನ್ನು ಕರಕರನೆ ಕೊಯ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಪ್ಪತ್ತು ವರ್ಷಗಳ ಹಿಂದಿನ ನಮ್ಮ ಲೈನ್ ಮನೆಯ ಮುಂದೆ ಕುಳಿತಿದ್ದೆ. ಎದುರಿಗೆ ಪಕ್ಕದ ಮನೆಯ ಮಾವ, ಹಳೆಯ ಬೂಟಿನ ಹಿಮ್ಮಡಿಯನ್ನು ಬ್ಲೇಡಿನಿಂದ ಕೆತ್ತುತ್ತಾ... ಚಪ್ಪಲಿಯವನು ಎರಡು ಸಲ ಕೂಗಬೇಕಾಯಿತು.

ಮಾವ ಎಂದರೆ ನೆಂಟರೇನಲ್ಲ. ಕೆ.ಜಿ.ಎಫ್. ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗಳು ಗೋಡೆಗೆ ಗೋಡೆ ಅಂಟಿದ ಸಾಲು, ಒಬ್ಬರು ಸೀನಿದರೆ ಪಕ್ಕದವರಿಗೆ ನಿದ್ದೆ ಕೆಡುತ್ತಿತ್ತು. ಅಲ್ಲಿ ಯಾರೂ ಬರೀ ನೆರೆಯವರಾಗಿ ಉಳಿಯುವಂತಿರಲಿಲ್ಲ. ಮಾವ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಬಡಗಿ. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಅತ್ತೆ ಗಣಿಯ ಇಂಗ್ಲಿಷ್ ದೊರೆಗಳ ಬಂಗಲೆಯೊಂದರಲ್ಲಿ ಆಯಾ. ಮಾತಿನಲ್ಲಿ ಮಹಾ ಖಡಕ್ಕು.

ನಮ್ಮ ಎರಡೂ ಮನೆಯವರು ಆಡುತ್ತಿದ್ದ ಮುದ್ರೆ ಆಟ ಬಂದದ್ದು ಆ ಬಂಗಲೆಯಿಂದಲೇ. ದೊರೆಯ ಊರಿನಲ್ಲಿ ಬೋರೆಯ ಮೇಲೆ ಡಬ್ಬಿ ಬಚ್ಚಿಟ್ಟು ಹುಡುಕುತ್ತಾರಂತೆ, ಅದರೊಳಗೆ ಒಂದು ಮುದ್ರೆ, ಒಂದು ಪುಸ್ತಕ ಇರುತ್ತದಂತೆ ಎಂದು ಅತ್ತೆ ನಗುತ್ತಾ ಹೇಳಿದ್ದರು. ಮಾವ ನಗಲಿಲ್ಲ. ಮಾರನೆಯ ದಿನವೇ ಮುದ್ರೆ ಕೆತ್ತಲು ಬೂಟಿನ ರಬ್ಬರ್ ಹಿಡಿದು ಕುಳಿತರು. ನಮ್ಮ ಮನೆಗೆ ಕೋಳಿಯ ಮುದ್ರೆ, ಏಕೆಂದರೆ ಅಮ್ಮ ಕೋಳಿ ಸಾಕಿದ್ದಳು. ಅವರ ಮನೆಗೆ ಗಣಿಯ ಬಾಯಿಯ ಮೇಲಿನ ದೊಡ್ಡ ಚಕ್ರ. ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ, ಅದರಲ್ಲಿ ಅದ್ದಿ ಒತ್ತಿದರೆ ಕೋಳಿಯ ಜುಟ್ಟು ಕೂಡ ಮೂಡುತ್ತಿತ್ತು.

ಮಾಗಿಯ ಚಳಿ ಶುರುವಾದರೆ ಪ್ರತಿ ಭಾನುವಾರವೂ ಅದೇ. ಒಂದು ಮನೆಯವರು ಬಿಸ್ಕತ್ತಿನ ಡಬ್ಬಿಯನ್ನು ಊರಂಚಿನ ಕೋರಮಂಡಲ್ ಕಡೆಯ ಬಂಡೆಗಳ ನಡುವೆ ಬಚ್ಚಿಟ್ಟು, ‘ಒಂಟಿ ಹುಣಸೆಗೆ ಬೆನ್ನು ಕೊಟ್ಟು ಇಪ್ಪತ್ತು ಹೆಜ್ಜೆ’ ಎಂದು ಚೀಟಿ ಬರೆದುಕೊಡಬೇಕು. ಇನ್ನೊಂದು ಮನೆಯವರು ಹುಡುಕಿ, ಪುಸ್ತಕದಲ್ಲಿ ತಮ್ಮ ಮುದ್ರೆ ಒತ್ತಬೇಕು. ಬಚ್ಚಿಟ್ಟವರು ಬಿಸಿಲಿಗೆ ಕುಳಿತು ಬೇಯಿಸಿದ ಅವರೆಕಾಯಿ ತಿನ್ನುತ್ತಾ ಗೇಲಿ ಮಾಡಬಹುದು. ದಿನವಿಡೀ ಪಾತಾಳದಲ್ಲಿರುತ್ತಿದ್ದ ಮಾವ ಅಂದು ಕುರಿಮರಿಯ ಹಾಗೆ ಬಂಡೆಯಿಂದ ಬಂಡೆಗೆ ಜಿಗಿಯುತ್ತಿದ್ದರು.

ಹುಡುಕಿದವರಿಗೆಂದು ಡಬ್ಬಿಯಲ್ಲಿ ಏನಾದರೂ ಕಾಣಿಕೆ ಇಡುವ ಪದ್ಧತಿಯೂ ಇತ್ತು. ಗುಲಗಂಜಿ, ನವಿಲುಗರಿ, ಹೀಗೆ. ನನಗಾಗ ಒಂಬತ್ತು ವರ್ಷ. ಅದಿರಿನ ಗಾಡಿ ಹೋಗುವ ಕಂಬಿಯ ಪಕ್ಕ ನನಗೊಂದು ಬಿಳಿಯ ಕಲ್ಲು ಸಿಕ್ಕಿತು. ನಡುವೆ ಹಳದಿಯ ಸಣ್ಣ ಗೆರೆ. ಬಚ್ಚಿಡುವ ಸರದಿ ನಮ್ಮ ಮನೆಗೆ ಬಂದಾಗ ಯಾರಿಗೂ ಹೇಳದೆ ಅದನ್ನು ಡಬ್ಬಿಯೊಳಗಿಟ್ಟು, ‘ಮಾವನಿಗೆ’ ಎಂದು ಚೀಟಿ ಬರೆದೆ. ಚಿನ್ನದ ಗೆರೆಯಿರುವ ಅಂಥ ಕಲ್ಲು ಯಾರ ಕೈಯಲ್ಲಿ ಸಿಕ್ಕರೂ ಕಳ್ಳತನವೇ ಎಂಬುದು ನಮ್ಮೂರಿನ ಮಕ್ಕಳಿಗೆ ಗೊತ್ತಿಲ್ಲದ ವಿಷಯವಲ್ಲ. ನನಗೂ ಗೊತ್ತಿತ್ತು. ಆದರೆ ಆಟದ ಡಬ್ಬಿಗೂ ಆ ಕಾನೂನು ಬರುತ್ತದೆಂದು ಹೊಳೆಯಲಿಲ್ಲ.

ಆ ಭಾನುವಾರ ಬಂಗಲೆಯಲ್ಲಿ ಕ್ರಿಸ್‌ಮಸ್ ಕೆಲಸವಿದ್ದದ್ದರಿಂದ ಅತ್ತೆ ಬಂದಿರಲಿಲ್ಲ. ಮಾವ ಒಬ್ಬರೇ ಹುಡುಕಿದರು. ಡಬ್ಬಿ ತೆರೆದರು, ಚೀಟಿ ಓದಿ ನನ್ನತ್ತ ನೋಡಿ ನಕ್ಕರು. ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಇಬ್ಬರು ಕಾವಲುಗಾರರು ಬಂದರು. ಎಷ್ಟು ವಾರಗಳಿಂದ ನಮ್ಮ ಮೇಲೆ ಕಣ್ಣಿಟ್ಟಿದ್ದರೋ ಏನೋ. ಹೆಜ್ಜೆಯ ಲೆಕ್ಕ, ಕೋಳಿ, ಚಕ್ರ... ಅವರಿಗೆ ಅದೆಲ್ಲ ಚಿನ್ನ ಸಾಗಿಸುವವರ ಗುಟ್ಟಿನ ಗುರುತಿನಂತೆ ಕಂಡಿತು.

“ಯಾರ್ದಯ್ಯಾ ಈ ಕಲ್ಲು?”

ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈಯನ್ನು ಉಗುರು ನಾಟುವಂತೆ ಹಿಸುಕಿದಳು. ಅಪ್ಪನ ಕೆಲಸ ಆ ಕಲ್ಲುಗಳನ್ನೇ ಪುಡಿ ಮಾಡುವ ಮಿಲ್ಲಿನಲ್ಲಿ. ಅವನ ಮಗಳಿಗೆ ಕಲ್ಲು ದಾರಿಯಲ್ಲಿ ಸಿಕ್ಕಿತೆಂದರೆ ಯಾರು ನಂಬುತ್ತಾರೆ? ಕೆಲಸ ಹೋದರೆ ಮನೆಯೂ ಹೋಯಿತು. ಮನೆಯಲ್ಲಿ ನಾವು ಐದು ಮಕ್ಕಳು. ಅಪ್ಪ ನೆಲ ನೋಡುತ್ತಾ ನಿಂತುಬಿಟ್ಟ. ಮಾವ ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿದರು. ಚೀಟಿ ಅವರ ಮುಷ್ಟಿಯೊಳಗೆ ಸೇರಿದ್ದು ನನಗೆ ಮಾತ್ರ ಕಂಡಿತು.

“ನಂದೇ ಸಾರ್. ನಾನೇ ಆಕಿದ್ದು. ಇವ್ರಿಗೇನೂ ಗೊತ್ತಿಲ್ಲ.”

ಮಾವನ ಕೆಲಸ ಹೋಯಿತು. ಕಳ್ಳನ ಹೆಂಡತಿ ಎಂದು ಅತ್ತೆಯನ್ನು ಬಂಗಲೆಯಿಂದಲೂ ಕಳಿಸಿದರು. ವಾರದೊಳಗೆ ಗಾಡಿಗೆ ಸಾಮಾನು ಹೇರಿಕೊಂಡು ಬಂಗಾರಪೇಟೆಗೆ ಹೊರಟರು. ಅಪ್ಪ ಅಮ್ಮ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ನಾಚಿಕೆಗೋ ಭಯಕ್ಕೋ, ಆಮೇಲೆ ನಮ್ಮ ಮನೆಯಲ್ಲಿ ಅವರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಎಂಟು ವರ್ಷದ ಮೇಲೆ ನಾನು ಟೀಚರ್ ಟ್ರೈನಿಂಗಿಗೆ ಸೇರಿದೆ. ಊರಿಗೆ ಬಂದು ಹೋಗುವಾಗ ಪ್ರತಿ ಸಲವೂ ಬಂಗಾರಪೇಟೆಯಲ್ಲಿ ರೈಲು ಬದಲಿಸಬೇಕಿತ್ತು. ಪ್ರತಿ ಸಲವೂ ಇಂದು ಹೋಗೋಣ ಎಂದುಕೊಳ್ಳುತ್ತಿದ್ದೆ, ಪ್ಲಾಟ್‌ಫಾರಂ ದಾಟುತ್ತಿರಲಿಲ್ಲ. ಕೊನೆಗೊಂದು ದಿನ ಧೈರ್ಯ ಮಾಡಿ, ಕೇಳುತ್ತಾ ಕೇಳುತ್ತಾ ಮನೆ ಹುಡುಕಿದೆ. ಅತ್ತೆ ಬಾಗಿಲಲ್ಲಿ ಕುಳಿತು ಅವರೆಕಾಳು ಬಿಡಿಸುತ್ತಿದ್ದರು. ಗುರುತು ಹಿಡಿದು, ಒಳಗೆ ಕರೆದು, ನೀರು ಕೊಟ್ಟರು. ಮಾವ ತೀರಿಕೊಂಡು ಮೂರು ತಿಂಗಳಾಗಿತ್ತು.

ನೀರಿನ ಲೋಟ ಕೆಳಗಿಟ್ಟು ಎಲ್ಲ ಹೇಳಿದೆ. ಕಲ್ಲು ನಾನಿಟ್ಟದ್ದು, ಚೀಟಿ ನಾನು ಬರೆದದ್ದು, ಮಾವ ಅದನ್ನು ಮುಷ್ಟಿಯಲ್ಲಿ ಅಡಗಿಸಿದ್ದು. ಅತ್ತೆಗೆ ಇದು ಗೊತ್ತೇ ಇರುತ್ತದೆ, ನನ್ನನ್ನು ಬೈಯುತ್ತಾರೆ, ಬೈಸಿಕೊಳ್ಳೋಣ ಎಂದುಕೊಂಡು ಹೋಗಿದ್ದೆ. ಅತ್ತೆಯ ಮುಖ ನೋಡಿದಾಗ ತಿಳಿಯಿತು. ಮಾವ ಹೆಂಡತಿಗೂ ಹೇಳಿರಲಿಲ್ಲ.

“ಉಣ್ಣಕ್ಕೆ ಕುಂತಾಗೆಲ್ಲ ಅವ್ರನ್ನ ಕಳ್ಳ ಅಂತ ಅಂದೆನಲ್ಲೇ ನಾನು... ಎಂಟು ವರ್ಸ. ಒಂದ್ ದಿನಾನೂ ಬಾಯ್ ಬಿಡ್ನಿಲ್ಲವಲ್ಲೇ ಅವ್ರು.”

ಅತ್ತೆ ಅವರೆಕಾಯಿಯ ಮೊರವನ್ನು ಮುಂದೆಳೆದುಕೊಂಡರು. ನಾನು ಎದ್ದು ಹೊರಟಾಗ ನನ್ನ ಮುಖ ನೋಡದೆ ಕೇಳಿದರು.

“ಮೂರ್ ತಿಂಗ್ಳು ಮುಂಚೆ ಬರಕ್ಕಾಗ್ನಿಲ್ವಾ ನಿಂಗೆ? ಇಲ್ಲಾಂದ್ರೆ, ಬರ್ದೇನೇ ಇರಕ್ಕಾಗ್ನಿಲ್ವಾ?”

ಅತ್ತೆ ಹೋಗಿಯೂ ಎಷ್ಟೋ ವರ್ಷಗಳಾದವು. ಅಪ್ಪ ಅಮ್ಮನೂ ಇಲ್ಲ. ಗಣಿ ಮುಚ್ಚಿತು, ಆ ಕಲ್ಲಿಗೀಗ ಕಾವಲೂ ಇಲ್ಲ. ಮಾವನ ಹೆಸರಿನ ಮೇಲಿನ ಕಳಂಕ ತೊಳೆಯಲು ಹೋಗಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿದ್ದೆ. ಹಗುರವೂ ಆಯಿತು... ಅಂದು ಸಂಜೆಯ ರೈಲಿನಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅತ್ತೆ ಆ ರಾತ್ರಿ ಹೇಗೆ ಕಳೆದರೋ ನನಗೆ ಗೊತ್ತಿಲ್ಲ. ಕೇಳಲು ನಾನು ಮತ್ತೆಂದೂ ಹೋಗಲಿಲ್ಲ.