ರೊಟ್ಟಿ ಕೇಳಿ ನೋವು ತಿಳಿದವರು

ಡಾ. ದೇವೇಂದ್ರಪ್ಪ

ಗಂಗಾವತಿಯಲ್ಲಿ ಹುಟ್ಟಿ, ಸಿದ್ದಾಪುರ, ಕುಷ್ಟಗಿಗಳಲ್ಲಿ ಸೇವೆ ಸಲ್ಲಿಸಿ, ನಿವೃತ್ತಿಗೆ ಮುಂಚಿನ ಹನ್ನೊಂದು ವರ್ಷಗಳನ್ನು ಯಲಬುರ್ಗಾ ಸೀಮೆಯ ನಮ್ಮ ಸಣ್ಣ ಆಸ್ಪತ್ರೆಗೆ ಧಾರೆಯೆರೆದ ಸಿಸ್ಟರ್ ಮೆಹಜಬೀನ ಅವರು, ರೋಗಿಯನ್ನು ಕೇಳಿ ತಿಳಿಯುವ ವಿದ್ಯೆಗೆ ಹೆಸರಾದವರು. ಸಿದ್ದಾಪುರದಲ್ಲಿದ್ದಾಗ, ನಾಟಿಯ ಹಂಗಾಮಿನಲ್ಲಿ ಕೂಲಿ ಬಿಟ್ಟು ಬರಲಾಗದ ಗರ್ಭಿಣಿಯರನ್ನು ಗದ್ದೆಯ ಬದುವಿಗೇ ಹೋಗಿ ಕಂಡವರು. ಅವರನ್ನು ಹೊಗಳಲು ಅರ್ಹರಾದವರು ಈ ಅಭಿನಂದನಾ ಸಂಪುಟದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸಿಸ್ಟರ್ ಮಾತು ಕೇಳದೆ ಕೆಟ್ಟ ವೈದ್ಯನೊಬ್ಬನೂ ಬರೆಯಲಿ ಎಂದು ಸಂಪಾದಕರು ನನ್ನನ್ನು ಕರೆದರೋ ಏನೋ.

ಆರು ವರ್ಷಗಳ ಹಿಂದೆ ಬೇವೂರಿನ ಮುದಕಮ್ಮ ಎಂಬವರು ಸ್ತನದ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ನಮ್ಮಲ್ಲಿಗೆ ತಪಾಸಣೆಗೆ ಬರುತ್ತಿದ್ದರು. ವರದಿಗಳೆಲ್ಲ ಚೊಕ್ಕವಾಗಿದ್ದವು. ನೋವಿದೆಯೇ ಎಂದು ನಾನು ಕೇಳಿದರೆ, ಬಾಗಿಲಲ್ಲಿ ನಿಂತ ಮಗ ಗಾಳೇಶನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸುವರು. ನಾನು ಹಾಗೆಯೇ ಬರೆದುಕೊಳ್ಳುವೆ. ಮೆಹಜಬೀನ ಅವರು ನೋವಿನ ಹೆಸರನ್ನೇ ಎತ್ತಲಿಲ್ಲ. ಗಾಳೇಶನನ್ನು ಔಷಧದ ಸಾಲಿಗೆ ಕಳಿಸಿ, “ಯವ್ವಾ, ಮನ್ಯಾಗ ರೊಟ್ಟಿ ಯಾರು ಬಡೀತಾರ?” ಎಂದರು.

“ನಾ ಬಡದು ವರ್ಷಾತ್ರಿ ಅಕ್ಕಾರ. ತೋಳು, ಎದಿ ಬೆಂಕಿ ಇಟ್ಟಂಗ ಉರೀತಾವ. ಹೇಳಿದ್ರ ಜಡ್ಡು ತಿರುಗಿ ಬಂತು ಅಂತಾರ. ಮಗಳ ಲಗ್ನದ ಮಾತು ನಡದೈತ್ರಿ.”

ಇದನ್ನು ಅವರು ನನಗೆ ತಿಳಿಸಿದಾಗ, “ವರದಿಗಿಂತ ರೊಟ್ಟಿ ದೊಡ್ಡದಾತೇನ್ರಿ ಸಿಸ್ಟರ್?” ಎಂದು ನಕ್ಕುಬಿಟ್ಟೆ. ಗಡ್ಡೆ ಹೋದ ಮೇಲೆ ನೋವೆಲ್ಲಿಯದು, ಎಲ್ಲ ಮನಸ್ಸಿನದು ಎಂಬ ನನ್ನ ಜಂಬದಿಂದ ಆ ಹೆಣ್ಣುಮಗಳು ಎರಡು ವರ್ಷ ಒದ್ದಾಡಿದರು. ಸಿಸ್ಟರ್ ಮತ್ತೆ ಮತ್ತೆ ನೆನಪಿಸಿದರು. ನಾನು ಸಾಮಾನ್ಯ ಮಾತ್ರೆ ಬರೆದು ಕೈತೊಳೆದುಕೊಂಡೆ. ಕೊನೆಗೆ ತಾವೇ ರಜೆ ಹಾಕಿ, ಬಸ್ಸಿನಲ್ಲಿ ಮುದಕಮ್ಮನವರನ್ನು ಕೊಪ್ಪಳದ ನೋವುತಜ್ಞರೊಬ್ಬರ ಬಳಿಗೆ ಕರೆದೊಯ್ದರು. ರೋಗ ಮರಳಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಘಾಸಿಗೊಂಡ ನರದ ನೋವಿದು ಎಂದು ಅಲ್ಲಿ ತಿಳಿಯಿತು. ತಕ್ಕ ಔಷಧದಿಂದ ಉರಿ ತಗ್ಗಿತು. ಆದರೆ ನೋವಿಗೆ ಹೆದರಿ ಅಲುಗಿಸದೆ ಇಟ್ಟುಕೊಂಡಿದ್ದ ಭುಜ ಬಿಗಿದುಹೋಗಿತ್ತು. ಇಂದಿಗೂ ಅದು ಪೂರ್ತಿ ಮೇಲೇಳುವುದಿಲ್ಲ. ಆ ತಪ್ಪು ನನ್ನದು. ಮೆಹಜಬೀನ ಅವರು ಅದನ್ನು ಯಾರ ಮುಂದೆಯೂ ಆಡಲಿಲ್ಲ; ಆಡಿದ್ದರೆ ನನಗೆ ತುಸು ಹಗುರವಾಗುತ್ತಿತ್ತು.

ನಿವೃತ್ತಿಯ ದಿನ ಮುದಕಮ್ಮ ಬಂದು ಅವರ ಕೈ ಹಿಡಿದುಕೊಂಡು, “ನೀವು ಹ್ವಾದ ಮ್ಯಾಲ ನಾ ಯಾರ ಮುಂದ ಹೇಳ್ಲಿರಿ?” ಎಂದು ಕೇಳಿದರು. ವೈದ್ಯನಾದ ನಾನು ಪಕ್ಕದಲ್ಲೇ ನಿಂತಿದ್ದೆ.

ಮೆಹಜಬೀನ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಒದಗಲಿ. ವಾರಕ್ಕೊಮ್ಮೆಯಾದರೂ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಬೇಕೆಂದು ಕೈಮುಗಿದು ಬೇಡುತ್ತೇನೆ, ಮುದಕಮ್ಮ ನನ್ನ ಮುಂದೆ ಬಾಯಿ ಬಿಡುವವರೆಗೆ.